ಹಾಲು, ಕೆನೆ ಇಲ್ಲದೆ ಮನೆಯಲ್ಲಿ ಮಾವಿನ ಹಣ್ಣಿನ ಮೂಸ್ ಮಾಡಬಹುದೇ?

ಮಗನಿಗೆ ಹಾಲು ಒಗ್ಗುವುದಿಲ್ಲ, ಅವನ ಹುಟ್ಟುಹಬ್ಬಕ್ಕೆ ಕೆನೆಯಿಲ್ಲದೆ ಹಣ್ಣಿನ ಮೂಸ್ ಮಾಡಿದರೆ ಅದು ನೀರಾಗದೆ ನಿಲ್ಲುತ್ತದೆಯೇ ಎಂದು ತಾವು ಕೇಳಿದ್ದೀರಿ. ಖಂಡಿತ ನಿಲ್ಲುತ್ತದೆ. ನಮ್ಮ ಮನೆಯಲ್ಲೂ ಒಬ್ಬರಿಗೆ ಹಾಲು ಆಗದ ಕಾರಣ, ಶ್ರೀನಿವಾಸಪುರದ ಮಾವು ಕೋಲಾರದ ಪೇಟೆಗೆ ಬರತೊಡಗಿದೊಡನೆ ನಾನು ಪ್ರತಿ ವರ್ಷ ಇದನ್ನು ಮಾಡುತ್ತೇನೆ.

ಮೂಸ್ ಎಂಬ ಫ್ರೆಂಚ್ ಪದಕ್ಕೆ ನೊರೆ ಎಂದರ್ಥ. ನಮ್ಮ ಸೀಕರಣೆಗೂ ಅದಕ್ಕೂ ಇರುವ ಮುಖ್ಯ ವ್ಯತ್ಯಾಸ ಒಳಗೆ ಸೇರಿದ ಗಾಳಿ. ಆ ಗಾಳಿಯನ್ನು ಹಿಡಿದಿಡುವ ಕೆಲಸವನ್ನು ಹಾಲಿನ ಕೆನೆಯ ಬದಲು ತೆಂಗಿನ ಹಾಲಿನ ಕೆನೆಯೂ ಮಾಡಬಲ್ಲದು. ಆದರೆ ತೆಂಗಿನ ಕೊಬ್ಬು ಸುಮಾರು 24 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗಿ ಎಣ್ಣೆಯಾಗುವುದರಿಂದ, ಚೆನ್ನಾಗಿ ತಣ್ಣಗಿದ್ದಾಗ ಮಾತ್ರ ಅದು ಈ ಕೆಲಸಕ್ಕೆ ಬರುತ್ತದೆ. ಚೆನ್ನಾಗಿ ಬಲಿತ ಎರಡು ಕಾಯಿಗಳನ್ನು ತುರಿದು, ಎರಡು ಲೋಟ ಬೆಚ್ಚಗಿನ ನೀರಿನಲ್ಲಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಬಂದ ಮೊದಲ ಹಾಲನ್ನು ಇಡೀ ರಾತ್ರಿ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ಮೇಲೆ ಗಟ್ಟಿ ಕೆನೆಯೂ ಕೆಳಗೆ ತಿಳಿನೀರೂ ಬೇರ್ಪಟ್ಟಿರುತ್ತವೆ. ಆ ಕೆನೆಯನ್ನಷ್ಟೇ ತೆಗೆದು, ಮೂರು ಚಮಚ ಸಕ್ಕರೆ ಪುಡಿ ಸೇರಿಸಿ, ತಣ್ಣಗಿನ ಪಾತ್ರೆಯಲ್ಲಿ ವಿದ್ಯುತ್ ಬೀಟರ್‌ನಿಂದ ನೊರೆ ಬರುವಂತೆ ಕಡೆಯಿರಿ. ಪ್ಯಾಕೆಟ್‌ನ ಗಟ್ಟಿ ತೆಂಗಿನ ಹಾಲು ಇನ್ನೂ ಚೆನ್ನಾಗಿ ಉಬ್ಬುತ್ತದೆಂಬುದನ್ನು ಒಪ್ಪಿಕೊಳ್ಳಲೇಬೇಕು, ಆದರೆ ಪರಿಮಳದಲ್ಲಿ ಮನೆಯದ್ದೇ ಮೇಲು.

ಅಂಗಡಿಯಲ್ಲಿ ಸಿಗುವ ‘ನಾನ್ ಡೇರಿ’ ವಿಪ್ಪಿಂಗ್ ಕ್ರೀಮ್ ಬಗ್ಗೆ ಎಚ್ಚರಿಕೆಯಿರಲಿ. ಅಂಥ ಕೆಲವು ಕ್ರೀಮ್‌ಗಳಲ್ಲಿ ಸೋಡಿಯಂ ಕೇಸಿನೇಟ್ ಇರುತ್ತದೆ, ಅದು ಹಾಲಿನದೇ ಪ್ರೋಟೀನು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಜೀರ್ಣವಾಗದಿರುವುದು ಬೇರೆ, ಹಾಲಿನ ಪ್ರೋಟೀನಿನ ಅಲರ್ಜಿ ಬೇರೆ. ನಿಮ್ಮ ಮಗನದು ಎರಡನೆಯದಾದರೆ ಪೊಟ್ಟಣದ ಹಿಂಬದಿಯ ಸಣ್ಣಕ್ಷರಗಳನ್ನು ಓದದೆ ಕೊಳ್ಳಬೇಡಿ.

ಇನ್ನು ಗಟ್ಟಿಯಾಗಿಸಲು ಚೈನಾ ಗ್ರಾಸ್, ಅಂದರೆ ಕಡಲ ಪಾಚಿಯಿಂದ ತೆಗೆಯುವ ಅಗರ್. ನಾನು ಮೊದಲ ಸಲ ಎಡವಿದ್ದು ಇಲ್ಲಿಯೇ. ಕುದಿಯುವ ಅಗರ್ ನೀರನ್ನು ಫ್ರಿಜ್‌ನಿಂದ ಆಗಷ್ಟೇ ತೆಗೆದ ಮಾವಿನ ರಸಕ್ಕೆ ಸುರಿದೆ. ಕಣ್ಣೆದುರಿಗೇ ಅದು ಶಾವಿಗೆಯ ಎಳೆಗಳಂತೆ ಹೆಪ್ಪುಗಟ್ಟಿತು, ಸೌಟು ಎಷ್ಟು ತಿರುಗಿಸಿದರೂ ಕರಗಲಿಲ್ಲ. ಕರಗಲು ಸುಮಾರು 85 ಡಿಗ್ರಿ ಬೇಡುವ ಅಗರ್, 40 ಡಿಗ್ರಿಯ ಆಸುಪಾಸಿಗೆ ಇಳಿಯುತ್ತಲೇ ಗಟ್ಟಿಯಾಗತೊಡಗುತ್ತದೆ. ಅಗರ್‌ಗೆ ಬಿಸಿ ಬೇಕು, ತೆಂಗಿನ ನೊರೆಗೆ ತಂಪು ಬೇಕು. ಈ ಎರಡನ್ನೂ ಹೊಂದಿಸಿದರೆ ಮೂಸ್ ಕೈಗೆ ಬಂದಂತೆ.

ಹಾಗಾಗಿ ಬಾದಾಮಿ ಅಥವಾ ಮಲ್ಲಿಕಾ ಹಣ್ಣಿನ ಎರಡು ಲೋಟ ರಸವನ್ನು ನಾರಿಲ್ಲದಂತೆ ಸೋಸಿ, ಉಗುರುಬೆಚ್ಚಗಿಗಿಂತ ತುಸು ಹೆಚ್ಚೇ ಬಿಸಿ ಮಾಡಿಟ್ಟುಕೊಳ್ಳಿ. (ರಸಪುರಿ ತಿನ್ನಲು ಎಷ್ಟೇ ಚೆನ್ನಾಗಿದ್ದರೂ ಇದಕ್ಕೆ ರಸ ತೆಳ್ಳಗಾಯಿತೆಂಬುದು ನನ್ನ ಅನುಭವ.) ಒಂದು ಟೀ ಚಮಚ ಅಗರ್ ಪುಡಿಯನ್ನು ಅರ್ಧ ಲೋಟ ನೀರಿನಲ್ಲಿ ಎರಡು ನಿಮಿಷ ಕುದಿಸಿ, ರಸಕ್ಕೆ ಸುರಿದು, ಬಿಡದೆ ಕಲಸುತ್ತಾ ಆರಿಸಿ. ಅಂಚಿನಲ್ಲಿ ಮಿಶ್ರಣ ತುಸು ಮಂದವಾಗತೊಡಗಿದ ಆ ಗಳಿಗೆಯಲ್ಲೇ ತೆಂಗಿನ ನೊರೆಯನ್ನು ಮೂರು ಕಂತಿನಲ್ಲಿ, ಕೆಳಗಿನಿಂದ ಮೇಲಕ್ಕೆ ಮಗುಚುತ್ತಾ ಹಗುರವಾಗಿ ಸೇರಿಸಬೇಕು. ಜೋರಾಗಿ ಕಲಸಿದರೆ ಗಾಳಿಯೆಲ್ಲ ಹೋಗಿ ಸೀಕರಣೆಯೇ ಉಳಿಯುತ್ತದೆ.

ಅನಾನಸ್‌ನಲ್ಲಿ ಮಾಡುವುದಾದರೆ ಹುಳಿಗೆ ಅಗರ್ ಸ್ವಲ್ಪ ಸೋಲುವುದರಿಂದ ಕಾಲು ಚಮಚ ಹೆಚ್ಚು ಹಾಕಿ. ಬಟ್ಟಲುಗಳಿಗೆ ತುಂಬಿ ಫ್ರಿಜ್‌ನಲ್ಲಿ ಮೂರು ಗಂಟೆ ಇಟ್ಟರೆ ಸಾಕು. ನಮ್ಮ ಮೇ ತಿಂಗಳ ಸೆಕೆಯಲ್ಲಿ ಹೊರಗಿಟ್ಟರೆ ಅಗರ್ ನಿಂತಿದ್ದರೂ ತೆಂಗಿನ ನೊರೆ ಕರಗಿ ಮೇಲೆ ಜಿಡ್ಡಾಗುತ್ತದೆ. ಆದ್ದರಿಂದ ಮಕ್ಕಳೆಲ್ಲ ಕುಳಿತ ಮೇಲೆಯೇ ಬಟ್ಟಲುಗಳನ್ನು ಹೊರತೆಗೆಯಿರಿ.