ಶಿಕ್ಷೆ ಮುಗಿಸಿದ ಆಟಗಾರನೂ ಅಭಿಮಾನಿಗಳ ಜಗಳವೂ: ಸಂಪಾದಕರ ಉತ್ತರ

ತಿಲಕವಾಡಿಯ ಓದುಗ ಮಿತ್ರರಿಗೆ ವಂದನೆಗಳು.

ಹೊಸ ಆಟಗಾರನನ್ನು ಸೇರಿಸಿಕೊಳ್ಳುವಾಗ ಅವನ ಆಟದ ಜೊತೆಗೆ ನಡತೆಯನ್ನೂ ಕ್ಲಬ್‌ಗಳು ವಿಚಾರಿಸಬೇಕೆಂದು ಕಳೆದ ಸಂಚಿಕೆಯ ಕ್ರೀಡಾ ಟಿಪ್ಪಣಿಯಲ್ಲಿ ನಾವು ಬರೆದದ್ದು ತಮಗೆ ಒಪ್ಪಿಗೆಯಾಗಿಲ್ಲ. ತಾವು ಬೆಂಬಲಿಸುವ ಫುಟ್‌ಬಾಲ್ ತಂಡ ಈ ವರ್ಷ ಕರೆತರಲಿರುವ ಸ್ಟ್ರೈಕರ್ (ಗೋಲು ಹೊಡೆಯುವ ಮುಂಚೂಣಿ ಆಟಗಾರ) ಹಿಂದೊಮ್ಮೆ ಬೇರೆ ಊರಿನ ಪಂದ್ಯದಲ್ಲಿ ರೆಫರಿಯ ಮೇಲೆ ಕೈಮಾಡಿ ನಿಷೇಧಕ್ಕೆ ಒಳಗಾಗಿದ್ದನೆಂದೂ, ಆ ಅವಧಿ ಮುಗಿದಿದ್ದರೂ ಲೇಲೆ ಮೈದಾನದಲ್ಲಿ ಸೇರುವ ಅಭಿಮಾನಿಗಳು ಎರಡು ಪಕ್ಷವಾಗಿ ನಿತ್ಯ ವಾದಿಸುತ್ತಿದ್ದಾರೆಂದೂ ತಿಳಿಸಿದ್ದೀರಿ. ಶಿಕ್ಷೆ ಅನುಭವಿಸಿದವನನ್ನು ಮತ್ತೆ ಮತ್ತೆ ಶಿಕ್ಷಿಸುವ ಅಧಿಕಾರ ಪತ್ರಿಕೆಗೆ ಯಾರು ಕೊಟ್ಟರು ಎಂಬುದು ತಮ್ಮ ಪ್ರಶ್ನೆ. ಯಾರೂ ಕೊಟ್ಟಿಲ್ಲ, ನಾವು ಕೇಳಿಯೂ ಇಲ್ಲ. ಆದರೆ ಕ್ಲಬ್ಬಿಗೂ ಅಭಿಮಾನಿಗಳಿಗೂ ಪ್ರಶ್ನೆ ಹಾಕುವ ಹಕ್ಕನ್ನು ಬಿಟ್ಟುಕೊಡಲಾರೆವು.

ತಪ್ಪು ಮಾಡಿದವನಿಗೂ ದುಡಿದು ತಿನ್ನುವ ದಾರಿ ಇರಬೇಕೆಂಬ ತಮ್ಮ ಮಾತಿಗೆ ನಮ್ಮ ಪೂರ್ಣ ಸಹಮತವಿದೆ. ಇಂಗ್ಲೆಂಡಿನ ನ್ಯೂಕ್ಯಾಸಲ್ ಯುನೈಟೆಡ್ ಕ್ಲಬ್ 2023ರ ಜುಲೈನಲ್ಲಿ ಇಟಲಿಯ ಎ.ಸಿ. ಮಿಲಾನ್‌ನಿಂದ ಕೊಂಡ ಸ್ಯಾಂಡ್ರೊ ಟೊನಾಲಿ, ಬೆಟ್ಟಿಂಗ್ ನಿಯಮ ಮುರಿದದ್ದಕ್ಕೆ ಅದೇ ಅಕ್ಟೋಬರ್‌ನಲ್ಲಿ 10 ತಿಂಗಳ ನಿಷೇಧಕ್ಕೆ ಗುರಿಯಾದರು. ಕ್ಲಬ್ ಅವರನ್ನು ಕೈಬಿಡಲಿಲ್ಲ. ಅವರು ಜೂಜಿನ ಚಟಕ್ಕೆ ಚಿಕಿತ್ಸೆ ಪಡೆದು, 2024ರ ಆಗಸ್ಟ್‌ನಲ್ಲಿ ಮೈದಾನಕ್ಕೆ ಮರಳಿ, 2025ರ ಮಾರ್ಚ್‌ನಲ್ಲಿ ಲಿವರ್‌ಪೂಲ್ ತಂಡವನ್ನು 2-1ರಿಂದ ಮಣಿಸಿ ಲೀಗ್ ಕಪ್ ಗೆದ್ದ ತಂಡದಲ್ಲಿ ಆಡಿದರು. ಅಲ್ಲಿ ಕೆಟ್ಟದ್ದು ಬಹುಮಟ್ಟಿಗೆ ಅವರದೇ ಬದುಕು. ಮುರಿದದ್ದು ಆಟದ ನಿಯಮ. ಆಟವೇ ಶಿಕ್ಷಿಸಿತು, ಆಟವೇ ಮರಳಿ ಕರೆಯಿತು. ಅದರಲ್ಲಿ ಯಾರಿಗೂ ತಕರಾರು ಇರಬೇಕಿಲ್ಲ.

ತಾವು ಉದಾಹರಿಸಿದ ಉರುಗ್ವೆಯ ಸ್ಟ್ರೈಕರ್ ಲೂಯಿಸ್ ಸ್ವಾರೆಜ್ ಅವರ ಪ್ರಕರಣ ಅಷ್ಟು ಸರಳವಲ್ಲ. 2010ರ ನವೆಂಬರ್‌ನಲ್ಲಿ ನೆದರ್ಲೆಂಡ್ಸಿನ ಅಯಾಕ್ಸ್ ಕ್ಲಬ್ ಪರ ಆಡುವಾಗ ಎದುರಾಳಿಯನ್ನು ಕಚ್ಚಿ 7 ಪಂದ್ಯಗಳ ನಿಷೇಧ ಪಡೆದಿದ್ದ ಅವರನ್ನು ಲಿವರ್‌ಪೂಲ್ ಎರಡೇ ತಿಂಗಳಲ್ಲಿ ಕೊಂಡುಕೊಂಡಿತು. 2013ರಲ್ಲಿ ಮತ್ತೆ ಕಚ್ಚಿದರು, 2014ರ ವಿಶ್ವಕಪ್‌ನಲ್ಲಿ ಮತ್ತೊಮ್ಮೆ. ನಿಷೇಧದ ಪಂದ್ಯಗಳನ್ನು ಎಣಿಸಿ ಮುಗಿಸುವುದಕ್ಕೂ ಮನುಷ್ಯ ತಿದ್ದಿಕೊಳ್ಳುವುದಕ್ಕೂ ನಡುವೆ ಎಷ್ಟು ಅಂತರವಿದೆಯೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ನಮ್ಮನ್ನು ಹೆಚ್ಚು ಕಾಡುವುದು ಆ ಕಚ್ಚುವಿಕೆಯಲ್ಲ. ಎದುರಾಳಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಪ್ಯಾಟ್ರಿಸ್ ಎವ್ರಾ ಅವರನ್ನು ಜನಾಂಗೀಯವಾಗಿ ನಿಂದಿಸಿದ್ದಕ್ಕೆ 2011ರ ಡಿಸೆಂಬರ್‌ನಲ್ಲಿ ಸ್ವಾರೆಜ್ ಮೇಲೆ 8 ಪಂದ್ಯಗಳ ನಿಷೇಧ ಬಿದ್ದ ಮರುದಿನವೇ, ಲಿವರ್‌ಪೂಲ್ ಆಟಗಾರರು ಸ್ವಾರೆಜ್ ಚಿತ್ರವಿದ್ದ ಅಂಗಿ ತೊಟ್ಟು ಮೈದಾನಕ್ಕೆ ಬಂದರು. ಅವರಲ್ಲೊಬ್ಬರಾದ ಜೇಮಿ ಕ್ಯಾರಗರ್ 2019ರಲ್ಲಿ ಟಿ.ವಿ. ಕಾರ್ಯಕ್ರಮವೊಂದರಲ್ಲಿ ಎವ್ರಾ ಅವರ ಎದುರೇ ಕ್ಷಮೆ ಕೇಳಬೇಕಾಯಿತು. ನೋವುಂಡವನು ಎದುರಾಳಿ ತಂಡದವನಾದರೆ ಅವನ ಮಾತು ಸುಳ್ಳಾಗಿ ಕೇಳಿಸುತ್ತದೆ. ಅಭಿಮಾನದ ಈ ಕಿವುಡುತನ ಲಿವರ್‌ಪೂಲ್‌ನವರ ಸ್ವತ್ತೇನೂ ಅಲ್ಲ. ನಮ್ಮ ಬೆಳಗಾವಿಯ ಮೈದಾನಗಳಲ್ಲೂ ಅದು ಧಾರಾಳವಾಗಿದೆ.

ಮೈದಾನದ ಹೊರಗಿನ ಅಪರಾಧದ ವಿಷಯಕ್ಕೆ ಬಂದರೆ ಆಟದ ಶಿಸ್ತು ಸಮಿತಿಗಳಿಗೆ ಅಲ್ಲಿ ಸಾಮಾನ್ಯವಾಗಿ ಹೆಚ್ಚಿನ ಕೆಲಸವಿಲ್ಲ. ಸ್ಕಾಟ್ಲೆಂಡಿನ ರೇತ್ ರೋವರ್ಸ್ ಕ್ಲಬ್ 2022ರ ಜನವರಿ ಕೊನೆಯಲ್ಲಿ ಡೇವಿಡ್ ಗುಡ್‌ವಿಲಿ ಎಂಬ ಸ್ಟ್ರೈಕರ್‌ನನ್ನು ಸೇರಿಸಿಕೊಂಡಿತು. ಆತ ಮಹಿಳೆಯೊಬ್ಬರ ಮೇಲೆ ಅತ್ಯಾಚಾರ ಎಸಗಿದ್ದನೆಂದು 2017ರಲ್ಲಿ ಅಲ್ಲಿನ ಸಿವಿಲ್ ನ್ಯಾಯಾಲಯ ತೀರ್ಪಿತ್ತಿತ್ತು. ಕ್ರಿಮಿನಲ್ ಮೊಕದ್ದಮೆ ನಡೆದಿರಲಿಲ್ಲ. ಇದು ಮೊದಲಿಗೆ ಆಟಕ್ಕೆ ಸಂಬಂಧಿಸಿದ ನಿರ್ಧಾರವೆಂದು ಕ್ಲಬ್ ಸಮರ್ಥಿಸಿಕೊಂಡಿತು. ಮಹಿಳಾ ತಂಡದ ನಾಯಕಿ ತಂಡ ತೊರೆದರು. ಆ ಕ್ಲಬ್ಬಿನ ಬಹುಕಾಲದ ಅಭಿಮಾನಿಯೂ ಪ್ರಾಯೋಜಕರೂ ಆಗಿದ್ದ ಕಾದಂಬರಿಕಾರ್ತಿ ವಾಲ್ ಮೆಕ್‌ಡರ್ಮಿಡ್ ಪ್ರಾಯೋಜಕತ್ವ ಹಿಂತೆಗೆದುಕೊಂಡರು. ಕೆಲವೇ ದಿನಗಳಲ್ಲಿ ಕ್ಲಬ್ ತನ್ನ ನಿರ್ಧಾರದಿಂದ ಹಿಂದೆ ಸರಿಯಿತು. ಆತ ಎಷ್ಟು ಗೋಲು ಹೊಡೆದಿದ್ದಾನೆಂದು ವಿಚಾರಿಸಿದವರಿಗೆ, ತಮ್ಮದೇ ಅಂಗಿ ತೊಟ್ಟ ಹೆಣ್ಣುಮಕ್ಕಳನ್ನು ಒಂದು ಮಾತು ಕೇಳಬೇಕೆಂದು ತೋಚಲಿಲ್ಲ. ಅಂಥ ಅಪರಾಧವನ್ನು ಕ್ಷಮಿಸುವ ಹಕ್ಕು ಕ್ಲಬ್ಬಿಗಿಲ್ಲ, ಅಭಿಮಾನಿಗಳಿಗೂ ಇಲ್ಲ. ನೋವು ತಿಂದವರು ಬೇರೆಯವರು.

ಗಾಳಿಸುದ್ದಿಯನ್ನೇ ತೀರ್ಪೆಂದು ಹಿಡಿಯಬೇಕೆಂದು ನಾವು ಹೇಳುತ್ತಿಲ್ಲ. 2012ರಲ್ಲಿ ಅತ್ಯಾಚಾರದ ಅಪರಾಧಿಯೆಂದು ಜೈಲಿಗೆ ಹೋದ ವೇಲ್ಸ್ ಫುಟ್‌ಬಾಲಿಗ ಚೆಡ್ ಎವಾನ್ಸ್ ಅವರ ಶಿಕ್ಷೆ 2016ರಲ್ಲಿ ಮೇಲ್ಮನವಿಯಲ್ಲಿ ರದ್ದಾಗಿ, ಮರುವಿಚಾರಣೆಯಲ್ಲಿ ಅವರು ಖುಲಾಸೆಯಾದರು. ನ್ಯಾಯಾಲಯ ಹೇಳಿದ್ದಕ್ಕೂ ಕಟ್ಟೆಯ ಮೇಲೆ ಕೂತವರು ಹೇಳಿದ್ದಕ್ಕೂ ಇರುವ ವ್ಯತ್ಯಾಸವನ್ನು ಪತ್ರಿಕೆಗಳೂ ಮರೆಯಬಾರದು.

ಇನ್ನು ತಮ್ಮ ಸ್ಟ್ರೈಕರ್ ವಿಚಾರ. ನಿಷೇಧ ಮುಗಿದಿದೆ, ಆಡಲಿ. ಆದರೆ ಏಟು ತಿಂದ ಆ ರೆಫರಿಯ ಬಗ್ಗೆ ತಮ್ಮ ನಾಲ್ಕು ಪುಟದ ಪತ್ರದಲ್ಲಿ ಒಂದು ಸಾಲೂ ಇಲ್ಲವೆಂಬುದನ್ನು ಗಮನಿಸಿದೆವು. ಸ್ಥಳೀಯ ಪಂದ್ಯಗಳಲ್ಲಿ ಸೀಟಿ ಊದುವವರು ಬಹುತೇಕ ಹಳೆಯ ಆಟಗಾರರು. ಪುಡಿಗಾಸಿನ ಸಂಭಾವನೆಗೆ ಎರಡೂ ಕಡೆಯವರ ಬೈಗುಳ ಕೇಳುತ್ತ ಬಿಸಿಲಲ್ಲಿ ಓಡುವವರು. ಅವರಿಗೆ ರಕ್ಷಣೆಯಿಲ್ಲವೆಂದಾದರೆ ಸೀಟಿ ಹಿಡಿಯಲು ಮುಂದೆ ಬರುವವರು ಯಾರು? 1995ರಲ್ಲಿ ಪ್ರೇಕ್ಷಕನೊಬ್ಬನನ್ನು ಒದ್ದ ಮ್ಯಾಂಚೆಸ್ಟರ್ ಯುನೈಟೆಡ್ ಆಟಗಾರ ಎರಿಕ್ ಕಾಂಟೊನಾ ಕೂಡ ಆಮೇಲೆ ಅದೇ ತಂಡದ ನಾಯಕರಾಗಲಿಲ್ಲವೇ ಎಂದು ಕೇಳಿದ್ದೀರಿ. ಆದರು, ಅದಕ್ಕೆ ಮೊದಲು ಸುಮಾರು 8 ತಿಂಗಳ ನಿಷೇಧವನ್ನಷ್ಟೇ ಅಲ್ಲ, ನ್ಯಾಯಾಲಯ ವಿಧಿಸಿದ 120 ಗಂಟೆಗಳ ಸಮುದಾಯ ಸೇವೆಯನ್ನೂ ಮಕ್ಕಳಿಗೆ ಫುಟ್‌ಬಾಲ್ ಕಲಿಸುತ್ತ ಪೂರೈಸಿದರು.

ಆದ್ದರಿಂದ ಸಹಿ ಹಾಕಿಸಿಕೊಳ್ಳುವ ಮುನ್ನ ತಂಡದ ಹಿರಿಯರು ಆ ಹುಡುಗನನ್ನು ಕರೆದುಕೊಂಡು ರೆಫರಿಯ ಮನೆಗೆ ಹೋಗಿ ಬರಲಿ, ರೆಫರಿ ಒಪ್ಪಿದರೆ ಮಾತ್ರ. ಇನ್ನೊಮ್ಮೆ ಕೈ ಎತ್ತಿದರೆ ಉಳಿದ ಋತುವಿಗೆ ತಂಡದಿಂದ ಹೊರಗೆ ಎಂಬ ಷರತ್ತನ್ನು ಒಪ್ಪಂದದಲ್ಲಿ ಬರೆಸಲಿ. ಅವನನ್ನು ಮೈದಾನದಲ್ಲಿ ಹಂಗಿಸಲು ಈಗಲೇ ಘೋಷಣೆ ಸಿದ್ಧಪಡಿಸಿಕೊಂಡಿರುವ ಇನ್ನೊಂದು ಪಕ್ಷದವರಿಗೂ ತಾವು ಈ ಉತ್ತರವನ್ನು ತೋರಿಸಬಹುದು. ತಂಡದ ಪದಾಧಿಕಾರಿಗಳು ತಮ್ಮ ನಿಲುವನ್ನು ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.

— ಸಂಪಾದಕ