ಕನ್ನಡದ ಗುಪ್ತಸಂದೇಶ ಬಿಡಿಸಲು ಲೈಬ್ರರಿ ಬೇಕಿಲ್ಲ, ವರ್ಣಮಾಲೆಯ ಪಟ್ಟಿ ಸಾಕು

ಅಕ್ಷರಗಳನ್ನು ಸರಿಸಿ ಬರೆದ ಕನ್ನಡ ಸಂದೇಶವನ್ನು ಕೀಲಿ (ಎಷ್ಟು ಸ್ಥಾನ ಸರಿಸಲಾಗಿದೆ ಎಂಬ ಸಂಖ್ಯೆ) ತಿಳಿಯದೆ ಬಿಡಿಸಲು ಯಾವ ಲೈಬ್ರರಿ, ಅಂದರೆ ಸಿದ್ಧ ಪ್ರೋಗ್ರಾಂ ಸಂಗ್ರಹ, ಬಳಸಬೇಕು, ಯಾವ ಅಕ್ಷರ ಎಷ್ಟು ಬಾರಿ ಬರುತ್ತದೆಂಬ ಕೋಷ್ಟಕ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದೀರಿ. ಬಾಗಲಕೋಟೆಯಲ್ಲಿ ಪದವಿ ಓದುತ್ತಿದ್ದಾಗ ಕಾಲೇಜಿನ ವಸ್ತುಪ್ರದರ್ಶನಕ್ಕಾಗಿ ನಾನು ಕೈಗೆತ್ತಿಕೊಂಡದ್ದೂ ಇದೇ ಕೆಲಸ.

ಇಂಗ್ಲಿಷ್ ಭಾಗ ಬೇಗನೆ ಮುಗಿಯಿತು. ಜೂಲಿಯಸ್ ಸೀಸರ್ ತನ್ನ ಪತ್ರಗಳಲ್ಲಿ ಅಕ್ಷರಗಳನ್ನು ಮೂರು ಸ್ಥಾನ ಸರಿಸುತ್ತಿದ್ದನೆಂದು ರೋಮನ್ ಇತಿಹಾಸಕಾರ ಸ್ಯುಟೋನಿಯಸ್ ದಾಖಲಿಸಿದ್ದಾನೆ. ಇಂದು ಅದನ್ನು ಬಿಡಿಸಲು ಕಂಪ್ಯೂಟರಿನಲ್ಲಿ ಇಂಗ್ಲಿಷ್ ದೊಡ್ಡಕ್ಷರಕ್ಕಿರುವ ಸಂಖ್ಯೆಯಿಂದ 65 (ಅದು ‘A’ಯ ಸಂಖ್ಯೆ) ಕಳೆದು, ಕೀಲಿಯನ್ನೂ ಕಳೆದು, 26ರಿಂದ ಭಾಗಿಸಿ ಉಳಿದ ಶೇಷಕ್ಕೆ ಮತ್ತೆ 65 ಕೂಡಿಸಿದರಾಯಿತು. ಕನ್ನಡಕ್ಕೂ ಇದೇ ಸೂತ್ರವನ್ನು ಅನ್ವಯಿಸಿದ್ದೇ ನನ್ನ ತಪ್ಪು. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ‘ಕ’ಕಾರದ ಸಂಖ್ಯೆ 3221, ‘ಹ’ಕಾರದ್ದು 3257, ನಡುವೆ ವ್ಯಂಜನಗಳು ಸಾಲಾಗಿ ಕುಳಿತಿವೆ ಎಂದು ನಂಬಿದೆ. ಆದರೆ ಈ 37 ಮನೆಗಳಲ್ಲಿ ನಾವು ಬಳಸುವ ವ್ಯಂಜನಗಳಿರುವುದು 34ರಲ್ಲಿ ಮಾತ್ರ. ಒಂದು ಮನೆಯಲ್ಲಿ ಹಳಗನ್ನಡದ ‘ಱ’ ಇದೆ. ‘ನ’ದ ನಂತರದ 3241 ಮತ್ತು ‘ಳ’ದ ನಂತರದ 3252 ಪೂರ್ತಿ ಖಾಲಿ.

ಪ್ರದರ್ಶನದ ದಿನ ತೀರ್ಪುಗಾರರೊಬ್ಬರು ‘ನವನಗರ’ ಮತ್ತು ‘ಇಳಕಲ್’ ಎಂಬ ಪದಗಳನ್ನು ಕೊಟ್ಟು, ಕೀಲಿ ಒಂದು ಎಂದರು. ‘ನ’ ಇದ್ದಲ್ಲಿ ಚೌಕ ಬಂತು, ‘ಳ’ ಇದ್ದಲ್ಲಿಯೂ ಚೌಕವೇ ಬಂತು. ನಾನು ಫಾಂಟಿನ ದೋಷವೆಂದು ತಿಳಿದು ಅವರೆದುರೇ ಫಾಂಟುಗಳನ್ನು ಬದಲಿಸುತ್ತ ಕುಳಿತೆ. ಸಂಖ್ಯೆಗಳು ಬೇರೆಯಾಗಿದ್ದುದರಿಂದ ಕಂಪ್ಯೂಟರಿನೊಳಗೆ ಸಂದೇಶ ಕೆಟ್ಟಿರಲಿಲ್ಲ. ಆದರೆ ಅದನ್ನು ಚೀಟಿಯಲ್ಲಿ ಬರೆದುಕೊಂಡು ಪಕ್ಕದ ಮೇಜಿಗೆ ಒಯ್ದ ಗೆಳೆಯನಿಗೆ ಎರಡೂ ಒಂದೇ ಚೌಕ, ಯಾವುದು ‘ನ’, ಯಾವುದು ‘ಳ’ ಎಂದು ಹೇಳಲು ದಾರಿಯೇ ಇರಲಿಲ್ಲ. ಓದಲಾಗದ ಅಕ್ಷರವಿರುವ ಗುಪ್ತಲಿಪಿ ಗುಪ್ತಲಿಪಿಯಲ್ಲ ಎಂದು ತೀರ್ಪುಗಾರರು ಹೇಳಿದರು. ಬಹುಮಾನ ಕೈತಪ್ಪಿತು, ಅವರ ಮಾತನ್ನು ನಾನು ಇಂದಿಗೂ ಒಪ್ಪುತ್ತೇನೆ.

ಆದ್ದರಿಂದ ಲೈಬ್ರರಿಯನ್ನು ಹುಡುಕಬೇಡಿ. ಅಕ್ಷರಗಳ ಕ್ರಮವನ್ನು ಯೂನಿಕೋಡಿಗೆ ಬಿಟ್ಟುಕೊಡದೆ, ಶಾಲೆಯಲ್ಲಿ ಕಲಿತಂತೆ ‘ಕ’ದಿಂದ ‘ಳ’ದವರೆಗಿನ 34 ವ್ಯಂಜನಗಳನ್ನು ನೀವೇ ಒಂದು ಪಟ್ಟಿಯಾಗಿ ಬರೆಯಿರಿ. ಸಂದೇಶದ ಅಕ್ಷರವು ಪಟ್ಟಿಯಲ್ಲಿದ್ದರೆ ಸೊನ್ನೆಯಿಂದ ಎಣಿಸಿದ ಅದರ ಸ್ಥಾನದಿಂದ ಕೀಲಿಯನ್ನು ಕಳೆದು, 34ರಿಂದ ಭಾಗಿಸಿದ ಶೇಷ ತೆಗೆಯಿರಿ; ಆ ಸ್ಥಾನದಲ್ಲಿರುವುದೇ ಮೂಲ ಅಕ್ಷರ. ಪಟ್ಟಿಯಲ್ಲಿಲ್ಲದ ಸ್ವರ, ಗುಣಿತದ ಚಿಹ್ನೆ, ಅನುಸ್ವಾರಗಳನ್ನು ಇದ್ದಂತೆಯೇ ಬಿಡಿ. ಒತ್ತಕ್ಷರಕ್ಕೆ ಬೇರೆ ನಿಯಮ ಬೇಕಿಲ್ಲ, ಏಕೆಂದರೆ ‘ಟ್ಟ’ ಎಂಬುದು ಕಂಪ್ಯೂಟರಿಗೆ ಎರಡು ‘ಟ’ಗಳು ಮತ್ತು ನಡುವೆ ಅರ್ಧಾಕ್ಷರವನ್ನು ಸೂಚಿಸುವ ಒಂದು ‘್’ ಚಿಹ್ನೆ ಅಷ್ಟೇ. ಸಂದೇಶವನ್ನು ಗುಪ್ತವಾಗಿ ಬರೆಯುವಾಗ ಕೀಲಿಯನ್ನು ಕಳೆಯುವ ಬದಲು ಕೂಡಿಸಬೇಕು; ಹಾಗೆ ಮಾಡಿದರೆ ಕೀಲಿ ಒಂದಕ್ಕೆ ‘ನವನಗರ’ವು ‘ಪಶಪಘಲ’ ಆಗುತ್ತದೆ, ‘ಬೆಳಗಾವಿ’ಯು ‘ಭೆಕಘಾಶಿ’ ಆಗುತ್ತದೆ. ಕೊನೆಯ ‘ಳ’ ಸುತ್ತಿ ಬಂದು ‘ಕ’ ಆದುದನ್ನು ಗಮನಿಸಿ. ಬಿಡಿಸುವ ಪ್ರೋಗ್ರಾಂ ಅನ್ನು ಸಿ ಭಾಷೆಯಲ್ಲಿ ಬರೆಯುವುದಾದರೆ ಶೇಷ ತೆಗೆಯುವ ಮೊದಲು 34 ಕೂಡಿಸಿಕೊಳ್ಳಿ, ಇಲ್ಲದಿದ್ದರೆ ಋಣಸಂಖ್ಯೆ ಬರುತ್ತದೆ. ಪೈಥಾನ್‌ನಲ್ಲಿ ಆ ತೊಂದರೆಯಿಲ್ಲ.

ಬಳಕೆಯ ಕೋಷ್ಟಕವೂ ನಿಮಗೆ ಬೇಡ. ಒಂದೆರಡು ಸಾಲಿನ ಸಂದೇಶದಲ್ಲಿ ಅಕ್ಷರಗಳು ಎಣಿಕೆಗೆ ಸಾಲುವಷ್ಟು ಇರುವುದಿಲ್ಲ, ಮತ್ತು ಸಾಧ್ಯವಿರುವ ಕೀಲಿಗಳು 33 ಮಾತ್ರ. ಎಲ್ಲವನ್ನೂ ಪ್ರಯೋಗಿಸಿ 33 ಸಾಲು ಮುದ್ರಿಸಿ. ಕನ್ನಡ ಬಲ್ಲವರ ಕಣ್ಣು ಸರಿಯಾದ ಸಾಲನ್ನು ಒಡನೆ ಹಿಡಿಯುತ್ತದೆ. ಹಳಗನ್ನಡದ ಪಠ್ಯವಾದರೆ ‘ಱ’ ಮತ್ತು ‘ೞ’ಗಳನ್ನೂ ಪಟ್ಟಿಗೆ ಸೇರಿಸಿ 34ರ ಬದಲು 36 ಎಂದು ಬರೆಯಿರಿ, ಕಳುಹಿಸುವವರ ಪಟ್ಟಿಯಲ್ಲಿಯೂ ಅವು ಅದೇ ಸ್ಥಾನದಲ್ಲಿರಬೇಕು.