ಬ್ರಿಟನ್‌ನಲ್ಲಿ ಗ್ಯಾಸ್, ಕರೆಂಟ್ ಬಿಲ್ ಬಾಕಿ ಇರುವಾಗ ಬೇರೆ ಕಂಪನಿಗೆ ಬದಲಾಗಬಹುದಾ?

ಬರ್ಮಿಂಗ್‌ಹ್ಯಾಮಿನಲ್ಲಿ ಬಾಡಿಗೆ ಮನೆ, ಸುಮಾರು 900 ಪೌಂಡ್ ಬಾಕಿ, ಬೇರೆ ಕಂಪನಿಗೆ ಹೋಗಿ ಹೊಸದಾಗಿ ಶುರು ಮಾಡಬೇಕು ಅಂತ ಬರೆದಿದ್ದೀರಿ. ನನ್ನದು ಲೆಸ್ಟರ್. 2023ರ ವಸಂತದಲ್ಲಿ ನನ್ನ ಬಾಕಿ ಸಾವಿರ ಪೌಂಡ್ ದಾಟಿತ್ತು. ನಾನೂ ಇದೇ ಯೋಚನೆ ಮಾಡಿದ್ದೆ.

ಬದಲಾಗಲು ಅರ್ಜಿ ಹಾಕಿದೆ. ಕೆಲವೇ ದಿನಗಳಲ್ಲಿ ಹಳೆ ಕಂಪನಿಯಿಂದ ಪತ್ರ ಬಂತು: ಬಾಕಿ ಇದೆ, ನಿಮ್ಮನ್ನು ಬಿಡುವುದಿಲ್ಲ. ಇಲ್ಲಿನ ನಿಯಮ ಹಾಗೇ ಇದೆ. ಮಾಮೂಲಿ ಮೀಟರ್ ಇದ್ದು, ಬಾಕಿ 28 ದಿನಕ್ಕಿಂತ ಹಳೆಯದಾದರೆ ಕಂಪನಿ ತಡೆಯಬಹುದು. ಅದಕ್ಕಿಂತ ಹೊಸದಾದರೆ ಬಿಡಬೇಕು, ಆದರೆ ಬಾಕಿ ಕೊನೆಯ ಬಿಲ್ಲಿಗೆ ಸೇರಿ ನಿಮ್ಮ ಹೆಸರಲ್ಲೇ ಉಳಿಯುತ್ತದೆ. ಪ್ರೀಪೇಮೆಂಟ್ ಮೀಟರ್, ಅಂದರೆ ಮೊದಲೇ ಹಣ ತುಂಬಿ ಬಳಸುವ ಮೀಟರ್, ಇದ್ದವರಿಗೆ ಬೇರೆ ದಾರಿ ಇದೆ. ಗ್ಯಾಸಿಗೆ 500 ಪೌಂಡ್, ಕರೆಂಟಿಗೆ 500 ಪೌಂಡ್ ತನಕದ ಸಾಲವನ್ನು ಹೊಸ ಕಂಪನಿ ವಹಿಸಿಕೊಳ್ಳಬಹುದು. ಆಮೇಲೆ ಟಾಪ್‌ಅಪ್ ಮಾಡಿದಾಗೆಲ್ಲ ಸ್ವಲ್ಪ ಸ್ವಲ್ಪ ಮುರಿದುಕೊಳ್ಳುತ್ತಾರೆ. ಎಲ್ಲಿಗೆ ಹೋದರೂ ಸಾಲ ನಿಮ್ಮ ಹಿಂದೆಯೇ ಬರುತ್ತದೆ.

ಆ ಪತ್ರ ನೋಡಿ ನನಗೆ ಸಿಟ್ಟು ಬಂತು. ತಿಂಗಳುಗಟ್ಟಲೆ ಹೇಗಾದರೂ ಬಿಟ್ಟು ಹೋಗಬೇಕು ಅಂತಲೇ ಒದ್ದಾಡಿದೆ. ಸಾಲ ಎಷ್ಟು ನಿಜ ಅಂತ ಒಮ್ಮೆಯೂ ಕೇಳಿಕೊಳ್ಳಲಿಲ್ಲ. ನಿಮಗೆ ಹೇಳಬೇಕಾದ್ದು ಇದೇ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಬೆಂಗಳೂರಿನಲ್ಲಿ ಮೀಟರ್ ರೀಡರ್ ಪ್ರತಿ ತಿಂಗಳು ಮನೆಗೇ ಬರುತ್ತಾರೆ. ನೋಡುತ್ತಾರೆ, ಮಷಿನ್ನಿನಿಂದ ಬಿಲ್ ಹರಿದು ಕೊಟ್ಟು ಹೋಗುತ್ತಾರೆ. ಬೆಸ್ಕಾಂ ಬಿಟ್ಟು ಬೇರೆ ಕಂಪನಿ ಅನ್ನೋ ಮಾತೇ ಇಲ್ಲ. ಹೀಗೆ ಬೆಳೆದವನಿಗೆ ಮೀಟರ್ ನೋಡುವುದು ನನ್ನ ಕೆಲಸ ಅಂತ ಹೊಳೆಯಲೇ ಇಲ್ಲ. 2021ರ ಸೆಪ್ಟೆಂಬರಿನಲ್ಲಿ ಈ ಮನೆಗೆ ಬಂದಾಗ ಕಂಪನಿಯವರು ಮೇಲ್ ಕಳಿಸಿ, ಮೊದಲ ದಿನದ ರೀಡಿಂಗ್ ಕೊಡಿ ಅಂತ ಕೇಳಿದ್ದರು. ಗ್ಯಾಸ್ ಮೀಟರ್ ಮನೆಯ ಹೊರಗೋಡೆಯ ಬಿಳಿ ಪೆಟ್ಟಿಗೆಯಲ್ಲಿತ್ತು. ಅದನ್ನು ತೆಗೆಯಲು ತ್ರಿಕೋನದ ಪುಟ್ಟ ಕೀ ಬೇಕು, ನನ್ನ ಹತ್ತಿರ ಇರಲಿಲ್ಲ. ಆಮೇಲೆ ನೋಡೋಣ ಅಂತ ಸುಮ್ನೆ ಬಿಟ್ಟುಬಿಟ್ಟೆ.

ಇದರಿಂದ ಎರಡು ಕಡೆ ಏಟು ಬಿತ್ತು.

ಮೊದಲನೆಯದು, ಶುರುವಿನ ರೀಡಿಂಗನ್ನು ಅವರೇ ಅಂದಾಜು ಮಾಡಿದರು. ಅದು ನಿಜವಾದ ಅಂಕಿಗಿಂತ ಕಡಿಮೆ ಇತ್ತು. ಅಂದರೆ ನನಗಿಂತ ಮೊದಲು ಇದ್ದವರು ಉರಿಸಿದ ಗ್ಯಾಸಿನ ಒಂದು ಪಾಲು ನನ್ನ ಖಾತೆಗೆ ಬಿತ್ತು.

ಎರಡನೆಯದು ಇನ್ನೂ ಕೆಟ್ಟದ್ದು. ಆಮೇಲಿನ ಬಿಲ್ಲುಗಳೆಲ್ಲ ಅಂದಾಜಿನವೇ, ಅದೂ ಕಡಿಮೆ ಅಂದಾಜು. ತಿಂಗಳ ಬಿಲ್ ಕಡಿಮೆ ಬರುತ್ತಿದೆ ಅಂತ ನಾನು ಖುಷಿಯಾಗಿದ್ದೆ. 2023ರಲ್ಲಿ ಸ್ಮಾರ್ಟ್ ಮೀಟರ್ ಹಾಕಲು ಬಂದವರು ಹಳೆ ಮೀಟರಿನ ನಿಜವಾದ ಅಂಕಿ ಬರೆದುಕೊಂಡು ಹೋದರು. ಅಲ್ಲಿಯವರೆಗೆ ಲೆಕ್ಕಕ್ಕೆ ಬಾರದ ಯೂನಿಟ್‌ಗಳೆಲ್ಲ ಒಂದೇ ಬಿಲ್ಲಿನಲ್ಲಿ ಬಂದವು. ಅಷ್ಟರಲ್ಲಿ ದರ ಏನಾಗಿತ್ತು ನೋಡಿ. ಇಲ್ಲಿನ ಇಂಧನ ನಿಯಂತ್ರಕ ಸಂಸ್ಥೆ ಆಫ್‌ಜೆಮ್ ಮಾಮೂಲಿ ದರಕ್ಕೆ ಒಂದು ಬೆಲೆಮಿತಿ ಹಾಕುತ್ತದೆ. 2021ರ ಅಕ್ಟೋಬರಿನಲ್ಲಿ ಆ ಮಿತಿಯಲ್ಲಿ ಗ್ಯಾಸ್ ಯೂನಿಟ್ಟಿಗೆ (ಒಂದು ಕಿಲೋವ್ಯಾಟ್ ಗಂಟೆಗೆ) ಸುಮಾರು 4 ಪೆನ್ಸ್ ಇತ್ತು. 2022ರ ಏಪ್ರಿಲಿನಲ್ಲಿ ಸುಮಾರು 7 ಆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ, ಸರ್ಕಾರ ಕೈಯಿಂದ ಹಣ ಹಾಕಿದ ಮೇಲೂ, 10 ಪೆನ್ಸ್ ದಾಟಿತು. ಕರೆಂಟ್ 21 ಪೆನ್ಸಿನಿಂದ 34ಕ್ಕೆ ಏರಿತ್ತು. ನಾನು 4 ಪೆನ್ಸ್ ಕಾಲದಲ್ಲಿ ಉರಿಸಿದ ಗ್ಯಾಸಿಗೆ 10 ಪೆನ್ಸ್ ಲೆಕ್ಕದಲ್ಲಿ ಬಿಲ್ ಬಂತು. ಒಂದು ಚಳಿಗಾಲದ ಗ್ಯಾಸ್ ಎರಡೂವರೆ ಪಟ್ಟು ಬೆಲೆಗೆ ಮಾರಾಟವಾದಂತಾಯಿತು.

ಇದನ್ನು ನನಗೆ ಬಿಡಿಸಿ ಹೇಳಿದ್ದು, ಜನರಿಗೆ ಉಚಿತವಾಗಿ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್ ಸಂಸ್ಥೆಯ ಸಹಾಯವಾಣಿಯಲ್ಲಿ ಸಿಕ್ಕ ಒಬ್ಬ ಹೆಂಗಸು. ಹಳೆ ಬಿಲ್ಲುಗಳಲ್ಲಿ ರೀಡಿಂಗ್ ಪಕ್ಕ 'E' ಅಕ್ಷರವೋ ಅಥವಾ ಅಂದಾಜು ಅನ್ನೋ ಮಾತೋ ಇದೆಯಾ ನೋಡಿ ಅಂದರು. ಎಲ್ಲದರಲ್ಲೂ ಇತ್ತು. ಮನೆಗೆ ಬಂದಾಗ ಏಜೆಂಟರು ಮಾಡಿದ ಇನ್ವೆಂಟರಿ ಹುಡುಕಿ ಅಂದರು. ಗೋಡೆಯ ಕಲೆ, ಒಡೆದ ಟೈಲ್ ಎಲ್ಲದರ ಫೋಟೋ ಇರುವ ಆ ಪಿಡಿಎಫ್ ಇದೆಯಲ್ಲ, ಅದೇ. ಕೊನೆ ಪುಟದಲ್ಲಿ ಎರಡೂ ಮೀಟರುಗಳ ಫೋಟೋ ಇತ್ತು, ತಾರೀಖಿನ ಸಮೇತ. ಇಷ್ಟು ದಿನ ನನ್ನ ಮೇಲ್‌ಬಾಕ್ಸಿನಲ್ಲೇ ಬಿದ್ದಿತ್ತು.

ಲಿಖಿತ ದೂರು ಕೊಟ್ಟೆ. ಕಂಪನಿ ಒಪ್ಪಲಿಲ್ಲ. 8 ವಾರ ಕಳೆದರೂ ದೂರು ಇತ್ಯರ್ಥವಾಗದಿದ್ದರೆ ಗ್ರಾಹಕರ ಮತ್ತು ಕಂಪನಿಗಳ ಜಗಳ ತೀರ್ಮಾನಿಸುವ ಎನರ್ಜಿ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು. ನಮಗೆ ಖರ್ಚಿಲ್ಲ, ಅವರ ತೀರ್ಪನ್ನು ನಾವು ಒಪ್ಪಿದರೆ ಕಂಪನಿ ಪಾಲಿಸಲೇಬೇಕು. ಹೋದೆ. ಯೂನಿಟ್‌ಗಳನ್ನು ಆಯಾ ಕಾಲದ ದರಕ್ಕೆ ಹಂಚಿ ಹೊಸ ಬಿಲ್ ಮಾಡಿಸಿದರು. ಬಾಕಿ ಅರ್ಧಕ್ಕಿಂತ ಕೆಳಗೆ ಇಳಿಯಿತು. ಉಳಿದದ್ದು ನಾನು ಬಳಸಿದ್ದೇ, ಕಂತಿನಲ್ಲಿ ತೀರಿಸಿದೆ.

ಹಾಗಾಗಿ ಬದಲಾಗಬಹುದಾ ಅನ್ನೋ ಪ್ರಶ್ನೆಯನ್ನು ನೀವು ಸದ್ಯಕ್ಕೆ ಬದಿಗಿಡಬೇಕು ಅನ್ನುತ್ತೇನೆ. ಬದಲಾವಣೆಯಿಂದ ಮುಂದಿನ ಬಿಲ್ ಸ್ವಲ್ಪ ಕಡಿಮೆಯಾಗಬಹುದು, ಅಷ್ಟೇ. ಆಫ್‌ಜೆಮ್ ಬೆಲೆಮಿತಿ ಇರುವುದರಿಂದ ಮಾಮೂಲಿ ದರ ಎಲ್ಲ ಕಂಪನಿಗಳಲ್ಲೂ ಹೆಚ್ಚುಕಮ್ಮಿ ಒಂದೇ. ಉಳಿತಾಯ ಬೇಕೆಂದರೆ ಫಿಕ್ಸೆಡ್ ದರ, ಅಂದರೆ ಒಂದು ಅವಧಿಗೆ ಬದಲಾಗದ ದರ, ಹುಡುಕಬೇಕು, ಅದನ್ನು ನಿಮ್ಮ ಈಗಿನ ಕಂಪನಿಯಲ್ಲೇ ಮೊದಲು ಕೇಳಿ. ಹೊಸ ಕಂಪನಿ ನಿಮ್ಮ ಕ್ರೆಡಿಟ್ ದಾಖಲೆಯನ್ನೂ ನೋಡಬಹುದು.

ಇವತ್ತೇ ಎರಡೂ ಮೀಟರುಗಳ ಫೋಟೋ ತೆಗೆಯಿರಿ. ಬಿಲ್ಲಿನ ಅಂಕಿ ಜೊತೆ ಹೋಲಿಸಿ. ಗ್ಯಾಸ್ ಮೀಟರ್ ಘನ ಅಡಿಯಲ್ಲಿದೆಯಾ, ಘನ ಮೀಟರಿನಲ್ಲಿದೆಯಾ ಅಂತಲೂ ನೋಡಿ. ಘನ ಮೀಟರಿನದ್ದನ್ನು ಹಳೆ ಇಂಪೀರಿಯಲ್ ಮೀಟರ್ ಅಂತ ಲೆಕ್ಕ ಹಾಕಿದರೆ ಬಿಲ್ 2.83 ಪಟ್ಟು ಬರುತ್ತದೆ. ಇನ್ನೊಂದು ದೊಡ್ಡ ರಕ್ಷಣೆ 2018ರಿಂದ ಇದೆ. ಮೊದಲು ಸರಿಯಾಗಿ ಬಿಲ್ ಮಾಡದೆ ಬಿಟ್ಟ ಬಳಕೆಗೆ, ಅದು 12 ತಿಂಗಳಿಗಿಂತ ಹಳೆಯದಾದರೆ, ಈಗ ಹಣ ಕೇಳುವಂತಿಲ್ಲ. ನೀವು ರೀಡಿಂಗ್ ತೆಗೆಯಲು ಅಡ್ಡಿ ಮಾಡಿರಬಾರದು, ಅಷ್ಟೇ. ಬಾಕಿ ಆಗಿದ್ದೇ ಕಂಪನಿಯ ತಪ್ಪಿನಿಂದ ಅಂತಾದರೆ, ಅದನ್ನು ತೋರಿಸಿ ನಿಮ್ಮ ಬದಲಾವಣೆಯನ್ನು ತಡೆಯುವಂತೆಯೂ ಇಲ್ಲ.

ಸಿಟ್ಟಿನಲ್ಲಿ ಡೈರೆಕ್ಟ್ ಡೆಬಿಟ್ (ಬ್ಯಾಂಕ್ ಖಾತೆಯಿಂದ ಬಿಲ್ ಹಣ ತಾನಾಗಿ ಹೋಗುವ ವ್ಯವಸ್ಥೆ) ರದ್ದು ಮಾಡಬೇಡಿ. ಪಾವತಿ ತಪ್ಪಿದ ದಾಖಲೆ 6 ವರ್ಷ ನಿಮ್ಮ ಕ್ರೆಡಿಟ್ ಫೈಲಿನಲ್ಲಿ ಉಳಿಯುತ್ತದೆ. ಕಂಪನಿಯವರು ಕಂತು ಹೇಳಿದಾಗ ಭಯಕ್ಕೆ ತಲೆ ಆಡಿಸಬೇಡಿ. ನಿಮ್ಮ ಸಂಬಳ, ಬಾಡಿಗೆ, ಖರ್ಚು ನೋಡಿ ನಿಮ್ಮ ಕೈಲಾಗುವ ಕಂತು ಮಾಡಬೇಕು ಅಂತ ಆಫ್‌ಜೆಮ್ ನಿಯಮವೇ ಇದೆ. ಈ ನಿಯಮಕ್ಕೂ ನಿಮ್ಮ ವೀಸಾಕ್ಕೂ ಸಂಬಂಧ ಇಲ್ಲ. ಬೇರೆ ಸಾಲಗಳೂ ಇದ್ದರೆ ಸಾಲದ ಬಗ್ಗೆ ಸಲಹೆ ಕೊಡುವ ಸ್ಟೆಪ್‌ಚೇಂಜ್ ಅಥವಾ ನ್ಯಾಷನಲ್ ಡೆಟ್‌ಲೈನ್‌ಗೆ ಫೋನ್ ಮಾಡಿ, ಎರಡೂ ಉಚಿತ. ಇಂಗ್ಲೆಂಡ್, ವೇಲ್ಸ್‌ನಲ್ಲಿ ಬ್ರೀದಿಂಗ್ ಸ್ಪೇಸ್ ಅನ್ನೋ ವ್ಯವಸ್ಥೆಯಡಿ 60 ದಿನ ಸಾಲ ಕೊಟ್ಟವರ ಕಾಟವನ್ನು ನಿಲ್ಲಿಸಲು ಆಗುತ್ತದೆ. ಸಲಹೆಗಾರರ ಮೂಲಕವೇ ಅರ್ಜಿ ಹಾಕಬೇಕು.

ಊರವರಿಗೆ ಗೊತ್ತಾದರೆ ಮರ್ಯಾದೆ ಹೋಗುತ್ತದೆ ಅಂತ ನೀವು ಬರೆದ ಸಾಲು ನನಗೆ ಜಾಸ್ತಿ ನೋವು ಕೊಟ್ಟಿತು. ನಾನು ಬಾಯಿ ಬಿಟ್ಟ ಮೇಲೆ ಗೊತ್ತಾಯಿತು, ಸುತ್ತಮುತ್ತ ಎಷ್ಟೋ ಮನೆಗಳಲ್ಲಿ ಆ ವರ್ಷ ಇದೇ ಕಥೆ. ಹೀಟರ್ ಹಾಕದೆ ಮಕ್ಕಳಿಗೆ ಎರಡೆರಡು ಸ್ವೆಟರ್ ಹಾಕಿ ಮಲಗಿಸಿದ್ದರು, ಹೇಳಿಕೊಂಡಿರಲಿಲ್ಲ.

ಬಿಳಿ ಪೆಟ್ಟಿಗೆಯ ಕೀ ಹಾರ್ಡ್‌ವೇರ್ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಮೊದಲ ದಿನದ ಅಂಕಿ, ಇವತ್ತಿನ ಅಂಕಿ, ಬಿಲ್ಲಿನ ಅಂಕಿ ಮೂರನ್ನೂ ಕೆಳಗೆ ಬರೆಯಿರಿ, ಖಾತೆ ಸಂಖ್ಯೆ ಮಾತ್ರ ಬೇಡ. ಯಾವ ಕಾಲದ ಯೂನಿಟ್ಟಿಗೆ ಯಾವ ದರ ಬೀಳಬೇಕು ಅನ್ನೋ ಲೆಕ್ಕ ನಾನು ಮಾಡಿಕೊಡುತ್ತೇನೆ, ಅದನ್ನೇ ದೂರಿನ ಜೊತೆ ಕಳಿಸಬಹುದು.